ಫಿರ್ಯಾದಿಗೂ ಹಕ್ಕಿದೆ, ಹೇಳುವವರಿಲ್ಲ

ಯಾವುದಾದರೂ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಆ ದಿನದ ಕ್ರಿಮಿನಲ್ ಕೇಸುಗಳ ಪಟ್ಟಿ ನೋಡಿ. ಹೆಚ್ಚಿನ ಕೇಸುಗಳ ಹೆಸರು ಒಂದೇ ಥರ: 'ಕರ್ನಾಟಕ ರಾಜ್ಯ ವಿರುದ್ಧ ಇಂಥವರು'. ಈ ಕಡೆ ಸರ್ಕಾರ, ಆ ಕಡೆ ಆರೋಪಿ. ಮಚ್ಚಿನ ಏಟು ತಿಂದವನು, ಮಾಂಗಲ್ಯ ಸರ ಕಿತ್ತುಕೊಂಡು ಹೋದಾಗ ರಸ್ತೆಗೆ ಬಿದ್ದವಳು, ಮಗನ ಕೊಲೆ ಕಂಡ ತಾಯಿ ಇವರ ಹೆಸರು ಆ ಸಾಲಿನಲ್ಲಿ ಇರುವುದಿಲ್ಲ. ದೋಷಾರೋಪ ಪಟ್ಟಿಯ ಒಳಪುಟ ತಿರುವಿದರೆ 'ಚಾ.ಸಾ. 1' ಎಂದು ಸಿಗುತ್ತಾರೆ. ಅಂದರೆ ಚಾರ್ಜ್‌ಶೀಟಿನ ಮೊದಲ ಸಾಕ್ಷಿ. ಸಮನ್ಸ್ ಬಂದ ದಿನ ಹೋಗಬೇಕು, ಕಟಕಟೆಯಲ್ಲಿ ನಿಂತು ನಡೆದದ್ದು ಹೇಳಬೇಕು, ಪಾಟೀಸವಾಲು ಎದುರಿಸಬೇಕು, ಸಹಿ ಹಾಕಿ ಬರಬೇಕು. ಅಲ್ಲಿಗೆ ಅವರ ಕೆಲಸ ಮುಗಿಯಿತು. ಆಮೇಲೆ ಏನಾಯಿತೆಂದು ತಿಳಿಯಲು ಪತ್ರಿಕೆ ನೋಡಬೇಕು. ಇಲ್ಲವೇ ಬಿಡುಗಡೆಯಾದ ಆರೋಪಿ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಬೇಕು.

ಹೀಗಿರುವುದಕ್ಕೆ ಒಂದು ತತ್ವವಿದೆ, ಅದು ಕೆಟ್ಟದ್ದೇನಲ್ಲ. ಒಬ್ಬನಿಗೆ ಹೊಡೆದರೆ ಅದು ಇಡೀ ಸಮಾಜಕ್ಕೆ ಹೊಡೆದಂತೆ, ಆದ್ದರಿಂದ ಕೇಸು ನಡೆಸುವ ಹೊಣೆ ಸರ್ಕಾರದ್ದು. ಕೂಲಿಯವನೊಬ್ಬ ಸ್ವಂತ ಖರ್ಚಿನಲ್ಲಿ ಊರ ಗೌಡನ ಮೇಲೆ ಕೇಸು ನಡೆಸಬೇಕಾಗಿದ್ದರೆ ಎಷ್ಟು ಕೇಸು ನಡೆದಾವು? ತೊಂದರೆ ಇರುವುದು, ಹೊಣೆ ಹೊತ್ತ ಸರ್ಕಾರ ನೊಂದವರನ್ನೇ ಮರೆತದ್ದರಲ್ಲಿ. ಆರೋಪಿಗೆ ವಕೀಲರಿಲ್ಲದಿದ್ದರೆ ಸರ್ಕಾರ ಕೊಡುತ್ತದೆ, ಕೊಡಲೇಬೇಕು. ಅವನ ಊಟ, ಔಷಧಿಗೆ ಜೈಲಿನಲ್ಲಿ ಲೆಕ್ಕವಿದೆ. ಪೆಟ್ಟು ತಿಂದವನ ಆಸ್ಪತ್ರೆಯ ಬಿಲ್ಲು ಯಾರ ಲೆಕ್ಕದಲ್ಲಿ ಎಂದು ಬಹಳ ಕಾಲ ಯಾರೂ ಕೇಳಲೇ ಇಲ್ಲ.

ಕೇಳಿದವರಲ್ಲಿ ಒಬ್ಬರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯಲ್ಲಿ ಕೇಂದ್ರ ಸರ್ಕಾರ 2000ದಲ್ಲಿ ಒಂದು ಸಮಿತಿ ಮಾಡಿತು. ಅಪರಾಧ ನ್ಯಾಯ ವ್ಯವಸ್ಥೆಯನ್ನು ಹೇಗೆ ಸರಿಪಡಿಸಬಹುದು ಎನ್ನುವುದು ಅದರ ಮುಂದಿದ್ದ ಪ್ರಶ್ನೆ. 2003ರಲ್ಲಿ ಬಂದ ವರದಿ, ನೊಂದವರಿಗೆ ಮೊಕದ್ದಮೆಯಲ್ಲಿ ಪಾಲ್ಗೊಳ್ಳುವ ಹಕ್ಕು ಬೇಕು, ವಕೀಲರು ಬೇಕು, ಮೇಲ್ಮನವಿಯ ಅವಕಾಶ ಬೇಕು, ಪರಿಹಾರ ಕೊಡುವುದು ಸರ್ಕಾರದ ಕರ್ತವ್ಯವಾಗಬೇಕು ಎಂದಿತು. ಅದೇ ವರದಿ ಆರೋಪ ಸಾಬೀತಿನ ಮಟ್ಟವನ್ನೇ ಇಳಿಸಬೇಕೆಂದೂ ಹೇಳಿತ್ತು. ಅದಕ್ಕೆ ಟೀಕೆ ಬಂತು, ಬರಬೇಕಾದದ್ದೇ. ನೊಂದವರಿಗೆ ನ್ಯಾಯ ಕೊಡಲು ಆರೋಪಿಯ ಹಕ್ಕನ್ನು ಕತ್ತರಿಸಬೇಕಾಗಿಲ್ಲ. ಪುಣ್ಯಕ್ಕೆ ಆ ಭಾಗ ಕಪಾಟಿನಲ್ಲೇ ಉಳಿಯಿತು. ನೊಂದವರ ಕುರಿತು ಹೇಳಿದ್ದರಲ್ಲಿ ಒಂದಷ್ಟು ಮಾತ್ರ ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಾಗಿ 2009ರ ಡಿಸೆಂಬರ್ 31ರಂದು ಜಾರಿಗೆ ಬಂತು. ಅಪರಾಧದಿಂದ ನೊಂದವರು ಯಾರು ಎಂಬ ವ್ಯಾಖ್ಯೆ ನಮ್ಮ ಸಂಹಿತೆಯೊಳಗೆ ಬಂದದ್ದೇ ಆ ದಿನ.

ಆ ತಾರೀಖು ಬಾಗಲಕೋಟೆಯ ಒಬ್ಬರ ಬದುಕಿನಲ್ಲಿ ಆಡಿದ ಆಟವನ್ನು ಇಲ್ಲಿ ಹೇಳಲೇಬೇಕು.

2009ರ ಫೆಬ್ರುವರಿ 6ರ ರಾತ್ರಿ ಅವರ ಮೇಲೆ ಹಲ್ಲೆಯಾಯಿತು. ಗಾಯಗೊಂಡು ಆಸ್ಪತ್ರೆ ಸೇರಿದರು, ದೂರು ದಾಖಲಾಯಿತು, ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. 2013ರ ಅಕ್ಟೋಬರ್ 28ರಂದು ಆರೋಪಿಗಳೆಲ್ಲ ಬಿಡುಗಡೆಯಾದರು. ಹಲ್ಲೆಗೊಳಗಾದವರು ಹೈಕೋರ್ಟಿಗೆ ಹೋದರು. ನೊಂದವರು ಮೇಲ್ಮನವಿ ಹಾಕಬಹುದೆಂಬ ನಿಯಮ ಬಂದದ್ದು 2009ರ ಕೊನೆಯ ದಿನ, ಹಲ್ಲೆ ನಡೆದದ್ದು ಅದಕ್ಕೂ ಮೊದಲು, ಆದ್ದರಿಂದ ಈ ಮನವಿ ನಿಲ್ಲದು ಎಂದಿತು ಹೈಕೋರ್ಟ್. ಬೇರೆ ಕಲಮಿನಡಿ ಮತ್ತೊಮ್ಮೆ ಹೋದರು. ಆ ಕಲಮು ಖಾಸಗಿ ದೂರಿನ ಕೇಸುಗಳಿಗೆ ಮಾತ್ರ, ನಿಮ್ಮದು ಪೊಲೀಸ್ ಕೇಸು ಎಂಬ ಉತ್ತರ ಬಂತು. ಕೊನೆಗೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಅಕ್ಟೋಬರ್ 12ರಂದು ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠ ತೀರ್ಪು ಕೊಟ್ಟಿತು. ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಅಪರಾಧ ನಡೆದ ದಿನವನ್ನಲ್ಲ, ಬಿಡುಗಡೆಯ ಆದೇಶ ಬಂದ ದಿನವನ್ನು. ಮೇಲ್ಮನವಿ ಹಾಕಲು ನೊಂದವರು ಮೊದಲು ಅನುಮತಿ ಬೇಡುವ ಅಗತ್ಯವೂ ಇಲ್ಲ ಎಂದು ಇಬ್ಬರು ನ್ಯಾಯಮೂರ್ತಿಗಳು ಹೇಳಿದರು. ಲೋಕೂರ್ ಜೊತೆಗಿದ್ದವರು ಮೂಡುಬಿದಿರೆ ಕಡೆಯ ಎಸ್. ಅಬ್ದುಲ್ ನಜೀರ್. ಮೂರನೆಯವರಾದ ದೀಪಕ್ ಗುಪ್ತಾ ಅನುಮತಿಯ ವಿಷಯದಲ್ಲಿ ಒಪ್ಪಲಿಲ್ಲ. ದೇಶದಲ್ಲೆಲ್ಲ ಇಂದು ನೊಂದವರು ನೇರವಾಗಿ ಮೇಲ್ಮನವಿ ಹಾಕುತ್ತಿದ್ದರೆ ಅದಕ್ಕೆ ಆಧಾರ ಈ ಕೇಸು. ಅದನ್ನು ಗೆದ್ದಾಗ ಹಲ್ಲೆಗೊಳಗಾದವರು ಬದುಕಿರಲಿಲ್ಲ, ವಾರಸುದಾರರು ನಡೆಸುತ್ತಿದ್ದರು. ಹೀಗೆ ಮನವಿದಾರರು ನಡುವೆ ತೀರಿಕೊಂಡರೆ ವಾರಸುದಾರರು ಮುಂದುವರಿಸಬಹುದು ಎಂಬುದನ್ನು 2025ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಮತ್ತೊಂದು ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

2024ರ ಜುಲೈ 1ರಿಂದ ಹಳೆಯ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನೊಂದವರು ಯಾರು ಎಂಬ ವ್ಯಾಖ್ಯೆಯೂ ಬದಲಾಗಿದೆ. ಹಿಂದೆ, ಆರೋಪಿಯ ಮೇಲೆ ಯಾವ ಕೃತ್ಯದ ಆರೋಪ ಹೊರಿಸಲಾಗಿದೆಯೋ ಅದರಿಂದ ನೊಂದವರು ಎಂದಿತ್ತು. ಈಗ ಆರೋಪಿಯ ಕೃತ್ಯದಿಂದ ಅಥವಾ ಲೋಪದಿಂದ ನಷ್ಟ, ನೋವು ಉಂಡವರು ಎಂದಿದೆ. ಪೋಷಕರು, ಕಾನೂನುಬದ್ಧ ವಾರಸುದಾರರೂ ಸೇರಿದ್ದಾರೆ. ಆರೋಪ ಹೊರಿಸುವ ತನಕ ಕಾಯಬೇಕಾಗಿಲ್ಲ. ಸಣ್ಣ ಬದಲಾವಣೆಯಂತೆ ಕಾಣುತ್ತದೆ, ಠಾಣೆಯ ಮೆಟ್ಟಿಲ ಮೇಲೆ ನಿಂತವರಿಗೆ ಸಣ್ಣದಲ್ಲ.

ಠಾಣೆಯ ಮೆಟ್ಟಿಲಲ್ಲಿ

'ಇದು ನಮ್ಮ ಸರಹದ್ದಲ್ಲ, ಆ ಠಾಣೆಗೆ ಹೋಗಿ.' ಈ ಮಾತು ಕೇಳದ ಫಿರ್ಯಾದಿ ಕಡಿಮೆ. ಹೊಸ ಸಂಹಿತೆಯ 173ನೇ ಕಲಮಿನ ಪ್ರಕಾರ ಹಾಗೆ ಹೇಳುವಂತಿಲ್ಲ. ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಅವರು 'ಝೀರೋ ಎಫ್‌ಐಆರ್' ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಹೊಸಪೇಟೆ ದಾಟುವಾಗ ರೈಲಿನಲ್ಲಿ ಚಿನ್ನ ಕಳವಾದರೆ ಬೆಂಗಳೂರಲ್ಲಿ ಇಳಿದು ದೂರು ಕೊಡಬಹುದು. ಮಿಂಚಂಚೆ ಮೂಲಕವೂ ಕೊಡಬಹುದು, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ದೂರು ಕೊಟ್ಟವರಿಗೆ ಮಾತ್ರವಲ್ಲ, ನೊಂದವರಿಗೂ.

ಇನ್ನೊಂದು ಹಳೆಯ ಉಪಾಯವಿದೆ. ಎಫ್‌ಐಆರ್ ಬದಲು ಎನ್‌ಸಿಆರ್ ಎಂಬ ಚೀಟಿ ಕೊಟ್ಟು ಕಳಿಸುವುದು. ಪೊಲೀಸರು ತಾವಾಗಿಯೇ ತನಿಖೆ ಮಾಡಬಾರದ ಸಣ್ಣ ತಕರಾರುಗಳಿಗೆ ಇರುವ ಚೀಟಿ ಅದು. ಕೈ ಮುರಿದವರಿಗೂ ಅದನ್ನೇ ಕೊಟ್ಟು ಸಾಗಹಾಕಿದ ಉದಾಹರಣೆಗಳಿವೆ. ಚೀಟಿಯ ತಲೆಬರಹ ಓದದೆ ಜೇಬಿಗಿಟ್ಟುಕೊಂಡು ಬರಬೇಡಿ. ಪೊಲೀಸರು ತಾವೇ ತನಿಖೆ ಮಾಡಬಹುದಾದ ಅಪರಾಧವೆಂದು ದೂರಿನಲ್ಲೇ ಕಾಣುತ್ತಿದ್ದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಮೂರರಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದೆಂದು ಹೊಸ ಸಂಹಿತೆ ಸಡಿಲಿಕೆ ಕೊಟ್ಟಿದೆ. ಈ ಸಡಿಲಿಕೆ ಹೇಗೆ ಬಳಕೆಯಾದೀತು ಎನ್ನುವುದಕ್ಕೆ ನಮ್ಮ ಠಾಣೆಗಳನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಡ. ರಾಜಿ ಪಂಚಾಯಿತಿಗೆ 14 ದಿನ ಧಾರಾಳ ಸಾಕು.

ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಬರಹದಲ್ಲಿ ಕಳಿಸಬೇಕು, ಸ್ಪೀಡ್ ಪೋಸ್ಟ್ ಆದರೆ ರಸೀದಿ ಉಳಿಯುತ್ತದೆ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಆ್ಯಸಿಡ್ ದಾಳಿಯಂಥ ದೂರು ದಾಖಲಿಸದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಇದೆ. ಅತ್ಯಾಚಾರಕ್ಕೆ ಒಳಗಾದವರು ಹೇಳಿಕೆ ಕೊಡಲು ಠಾಣೆಗೇ ಬರಬೇಕಾಗಿಲ್ಲ. ಅವರ ಮನೆಯಲ್ಲಿ ಅಥವಾ ಅವರು ಹೇಳಿದ ಜಾಗದಲ್ಲಿ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಯಾವ ಕೇಸಿನಲ್ಲೇ ಆಗಲಿ ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ. ಅಂಗವಿಕಲರಿಗೂ, ತೀವ್ರ ಕಾಯಿಲೆಯವರಿಗೂ ಇದೇ ನಿಯಮ.

ದೂರು ದಾಖಲಾದ ಮೇಲೆ ಏನಾಯಿತು ಎಂದು ಕೇಳಲು ಹೋದರೆ 'ತನಿಖೆ ನಡೀತಾ ಇದೆ, ಕರೀತೀವಿ' ಎನ್ನುತ್ತಾರೆ. ಈಗ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ನೊಂದವರಿಗೆ ತಿಳಿಸುವುದು ಪೊಲೀಸರ ಕರ್ತವ್ಯ, ಮೊಬೈಲಿಗೆ ಸಂದೇಶ ಕಳಿಸಿದರೂ ಆಯಿತು. ದೋಷಾರೋಪ ಪಟ್ಟಿಯ ಪ್ರತಿ ಹಿಂದೆ ಆರೋಪಿಗೆ ಮಾತ್ರ ಸಿಗುತ್ತಿತ್ತು. ಈಗ ನೊಂದವರ ಪರ ವಕೀಲರಿದ್ದರೆ ಅವರಿಗೂ ಕೊಡಬೇಕು. ಈ 'ವಕೀಲರಿದ್ದರೆ' ಎಂಬ ಷರತ್ತು ಗಮನಿಸಿ. ವಕೀಲರನ್ನು ಇಟ್ಟುಕೊಳ್ಳಲಾಗದವರಿಗೆ ತಮ್ಮದೇ ಕೇಸಿನ ಕಾಗದ ಸಿಗುವುದಿಲ್ಲ. ಇದನ್ನು ಬರೆದವರಿಗೆ ನಮ್ಮ ತಾಲ್ಲೂಕು ಕೋರ್ಟುಗಳ ಅಂಗಳ ಗೊತ್ತಿರಲಿಕ್ಕಿಲ್ಲ.

ಇನ್ನು ಬಿ ರಿಪೋರ್ಟ್. ಸಾಕ್ಷ್ಯವಿಲ್ಲ, ದೂರು ಸುಳ್ಳು ಎಂದು ಪೊಲೀಸರು ಕಡತ ಮುಚ್ಚಲು ಕಳಿಸುವ ಈ ವರದಿಯ ಹೆಸರು ಕರ್ನಾಟಕದಲ್ಲಿ ಎಲ್ಲರಿಗೂ ಗೊತ್ತು, ರಾಜಕೀಯದ ಕೃಪೆ. ಗೊತ್ತಿಲ್ಲದ್ದು ಏನೆಂದರೆ, ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳದೆ ಮ್ಯಾಜಿಸ್ಟ್ರೇಟರು ಅದನ್ನು ಒಪ್ಪುವಂತಿಲ್ಲ. 1985ರಿಂದಲೂ ಇದು ಸುಪ್ರೀಂ ಕೋರ್ಟಿನ ನಿಯಮ. ಆ ನೋಟಿಸು ಬಂದಾಗ ಸಹಿ ಹಾಕಿ ಸುಮ್ಮನಾದರೆ ಕೇಸು ಅಲ್ಲಿಗೆ ಮುಗಿಯುತ್ತದೆ. ತಕರಾರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಹೆಚ್ಚಿನ ತನಿಖೆಗೆ ಆದೇಶಿಸಬಹುದು ಅಥವಾ ತಾವೇ ವಿಚಾರಣೆಗೆ ತೆಗೆದುಕೊಳ್ಳಬಹುದು. ಸರ್ಕಾರ ಕೇಸು ವಾಪಸ್ ಪಡೆಯಲು ಹೊರಟಾಗಲೂ ಈಗ ನೊಂದವರ ಮಾತು ಕೇಳಬೇಕು. ಸಚಿವ ಸಂಪುಟದ ಸಭೆಯಲ್ಲಿ ಕೇಸು ವಾಪಸಾತಿಯ ಪಟ್ಟಿಗಳು ಅಂಗೀಕಾರವಾಗುವ ನಮ್ಮಂಥ ರಾಜ್ಯದಲ್ಲಿ ಈ ಒಂದು ಸಾಲಿಗೆ ತುಂಬ ಬೆಲೆಯಿದೆ.

ಶಿಕ್ಷೆಗೆ ಕಾಯದ ಪರಿಹಾರ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಜನರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ. ಅಪರಾಧದಿಂದ ನೊಂದವರಿಗೆ ಸರ್ಕಾರ ಪರಿಹಾರ ಕೊಡಬೇಕು, ಅದಕ್ಕೆ ಆರೋಪಿಗೆ ಶಿಕ್ಷೆಯಾಗಿರಬೇಕೆಂದೇನೂ ಇಲ್ಲ. ಆರೋಪಿ ಯಾರೆಂದೇ ಪತ್ತೆಯಾಗದಿದ್ದರೂ ಕೇಳಬಹುದು. ಹಿಂದಿನ 357ಎ, ಈಗಿನ 396ನೇ ಕಲಮು ಹೇಳುವುದು ಇದನ್ನೇ. ಅದರಡಿ ಪ್ರತಿ ರಾಜ್ಯವೂ ಯೋಜನೆ ರೂಪಿಸಬೇಕು. ನಮ್ಮದು 'ಕರ್ನಾಟಕ ಸಂತ್ರಸ್ತರ ಪರಿಹಾರ ಯೋಜನೆ, 2011'.

ಅರ್ಜಿ ಹಾಕಬೇಕಾದದ್ದು ಠಾಣೆಗಲ್ಲ, ಜಿಲ್ಲಾಧಿಕಾರಿ ಕಚೇರಿಗೂ ಅಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಹಿರಿಯ ಸಿವಿಲ್ ನ್ಯಾಯಾಧೀಶರೊಬ್ಬರು ಅದರ ಸದಸ್ಯ ಕಾರ್ಯದರ್ಶಿ. ಎಫ್‌ಐಆರ್ ಪ್ರತಿ, ವೈದ್ಯಕೀಯ ದಾಖಲೆ, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಇಟ್ಟು ಅರ್ಜಿ ಕೊಟ್ಟರೆ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಿ ತೀರ್ಮಾನಿಸಬೇಕು. ತುರ್ತಿದ್ದರೆ ಠಾಣಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರದ ಮೇಲೆ ಮಧ್ಯಂತರ ನೆರವನ್ನೂ ಕೊಡಬಹುದು. ಆದರೆ ಮೊದಲ ವಾರದ ಆಸ್ಪತ್ರೆ ಓಡಾಟದ ನಡುವೆ ಇದನ್ನು ಹೇಳಿಕೊಡಬೇಕಾದವರು ಯಾರು? ತನಿಖಾಧಿಕಾರಿಗೆ ಬಂದೋಬಸ್ತಿನ ಚಿಂತೆ. ಸರ್ಕಾರಿ ಅಭಿಯೋಜಕರಿಗೆ ಆ ದಿನದ ಸಾಕ್ಷಿಗಳ ಚಿಂತೆ. ಬಡ್ಡಿಗೆ ಸಾಲ ಮಾಡಿ, ಒಡವೆ ಅಡವಿಟ್ಟು ಬಿಲ್ಲು ಕಟ್ಟಿದ ಮೇಲೆ ಯಾರೋ ಹೇಳುತ್ತಾರೆ, 'ಹಿಂಗೊಂದು ಸ್ಕೀಮ್ ಇತ್ತಲ್ಲಪ್ಪಾ' ಎಂದು.

ಹೆಣ್ಣುಮಕ್ಕಳಿಗೆ ಪ್ರತ್ಯೇಕವಾದ, ಹೆಚ್ಚು ಉದಾರವಾದ ಯೋಜನೆಯಿದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿದ ಅದಕ್ಕೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟು 2018ರ ಅಕ್ಟೋಬರ್ 2ರಿಂದ ದೇಶಕ್ಕೆಲ್ಲ ಅನ್ವಯಿಸಿತು. ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಪ್ರಾಣಹಾನಿಗೆ 5ರಿಂದ 10 ಲಕ್ಷ, ಆ್ಯಸಿಡ್‌ನಿಂದ ಮುಖ ವಿರೂಪವಾದರೆ 7ರಿಂದ 8 ಲಕ್ಷ. ಬಾಲಕಿಯಾದರೆ ಇದರ ಮೇಲೆ ಅರ್ಧದಷ್ಟು ಹೆಚ್ಚು. ಘಟನೆ ನಡೆದ ಅಥವಾ ವಿಚಾರಣೆ ಮುಗಿದ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಮಂಜೂರಾದ ಹಣದ ಮುಕ್ಕಾಲು ಪಾಲು ಕನಿಷ್ಠ ಮೂರು ವರ್ಷ ಠೇವಣಿಯಲ್ಲಿರುತ್ತದೆ, ಕಾಲು ಭಾಗ ಕೂಡಲೇ ಕೈಗೆ ಬರುತ್ತದೆ. ಬಾಲಕಿಯರದ್ದಾದರೆ ಶೇ 80 ಭಾಗ ಪ್ರಾಯಕ್ಕೆ ಬರುವವರೆಗೆ ಠೇವಣಿಯಲ್ಲಿ. ಮನೆಯ ಗಂಡಸರು ಹಣ ತೆಗೆದು ಖರ್ಚು ಮಾಡಿಬಿಡುವ ಅಪಾಯ ಯೋಜನೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ. ಇಂಥ ಕೇಸುಗಳ ಎಫ್‌ಐಆರ್ ಪ್ರತಿಯನ್ನು ಪೊಲೀಸರೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಬೇಕೆಂಬ ನಿಯಮವೂ ಇದೆ. ನಿಮ್ಮ ಕೇಸಿನದ್ದು ಹೋಗಿದೆಯೇ ಎಂದು ಕೇಳಿ ನೋಡಿ.

ನ್ಯಾಯಾಲಯಗಳೂ ಇದನ್ನು ಮರೆಯುತ್ತವೆ. ತೀರ್ಪು ಕೊಡುವಾಗ ಪರಿಹಾರದ ಪ್ರಶ್ನೆಯನ್ನು ಪರಿಗಣಿಸಲೇಬೇಕು, ಕೊಡದಿದ್ದರೆ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಆದರೂ ಮಕ್ಕಳು, ಮಹಿಳೆಯರ ಮೇಲಿನ ದೈಹಿಕ ದೌರ್ಜನ್ಯದ ಕೇಸುಗಳಲ್ಲಿ ಸೆಷನ್ಸ್ ನ್ಯಾಯಾಲಯಗಳು ಪರಿಹಾರಕ್ಕೆ ಆದೇಶಿಸಬೇಕೆಂದು 2024ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ನಾಗರತ್ನ ಅವರ ಪೀಠ ಮತ್ತೆ ಹೇಳಬೇಕಾಯಿತು. ಹನ್ನೊಂದು ವರ್ಷದಲ್ಲಿ ಮಾತು ಕೆಳಗಿನ ಕೋರ್ಟಿಗೆ ಇಳಿದಿರಲಿಲ್ಲ.

ಆಸ್ಪತ್ರೆಯ ವಿಷಯದಲ್ಲಿ ಕಾನೂನು ಗಟ್ಟಿಯಾಗಿದೆ. ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ (ಪೋಕ್ಸೊ), ಆ್ಯಸಿಡ್ ದಾಳಿಯ ಸಂತ್ರಸ್ತರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಎಲ್ಲ ಆಸ್ಪತ್ರೆಯೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು. 'ಮೊದಲು ಪೊಲೀಸ್ ಕೇಸ್ ಆಗಲಿ' ಎನ್ನುವಂತಿಲ್ಲ, ಅಡ್ವಾನ್ಸ್ ಕೇಳುವಂತಿಲ್ಲ. ನಿರಾಕರಿಸಿದರೆ ಆಸ್ಪತ್ರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು. ವೈದ್ಯಕೀಯ ಪರೀಕ್ಷೆಯ ಹೆಸರಲ್ಲಿ ನಡೆಯುತ್ತಿದ್ದ 'ಎರಡು ಬೆರಳ ಪರೀಕ್ಷೆ' ನಡೆಸಿದವರು ದುರ್ವರ್ತನೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್ 31ರಂದು ಹೇಳಿದೆ.

ಇದರ ಜೊತೆ ಸರ್ಕಾರದ ಬೆಂಬಲ ಸೇವೆಗಳಿವೆ. ನಿರ್ಭಯಾ ನಿಧಿಯಿಂದ 2015ರ ಏಪ್ರಿಲ್‌ನಲ್ಲಿ ಆರಂಭವಾದ 'ಸಖಿ' ಒನ್ ಸ್ಟಾಪ್ ಸೆಂಟರುಗಳಲ್ಲಿ ಚಿಕಿತ್ಸೆ, ಪೊಲೀಸ್ ನೆರವು, ವಕೀಲರು, ಆಪ್ತಸಮಾಲೋಚನೆ, ಕೆಲವು ದಿನ ತಂಗಲು ಜಾಗ ಒಂದೇ ಕಡೆ ಸಿಗಬೇಕು. ನಮ್ಮಲ್ಲಿ ಅವು ಹೆಚ್ಚಾಗಿ ಜಿಲ್ಲಾ ಆಸ್ಪತ್ರೆಯ ಆವರಣದಲ್ಲೋ ಅದರ ಸಮೀಪದಲ್ಲೋ ಇವೆ. ರಾಜ್ಯದ್ದೇ ಆದ 'ಸಾಂತ್ವನ' ಕೇಂದ್ರಗಳಿವೆ, ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿಯಿದೆ. ಪೋಕ್ಸೊ ಕೇಸುಗಳಲ್ಲಿ ಮಗುವಿನ ಜೊತೆ ಠಾಣೆಯಿಂದ ಕೋರ್ಟಿನವರೆಗೆ ಓಡಾಡಲು ಒಬ್ಬ 'ಬೆಂಬಲ ವ್ಯಕ್ತಿ'ಯನ್ನು ಮಕ್ಕಳ ಕಲ್ಯಾಣ ಸಮಿತಿ ಕೊಡಬೇಕು. ಮಗುವಿನ ಹೇಳಿಕೆ ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿ ಇರಕೂಡದು.

ಗಮನಿಸಿ, ಇವೆಲ್ಲ ಹೆಂಗಸರಿಗೆ, ಮಕ್ಕಳಿಗೆ. ಅಗತ್ಯವಿತ್ತು, ಬಂತು. ಆದರೆ ಜಮೀನು ಜಗಳದಲ್ಲಿ ಮಚ್ಚಿನೇಟು ತಿಂದ ರೈತನಿಗೆ, ಕೊಲೆಯಾದ ಆಟೊ ಚಾಲಕನ ಮುದಿ ತಂದೆಗೆ ಮಾತಾಡಿಸುವ ಒಬ್ಬ ಆಪ್ತಸಮಾಲೋಚಕರೂ ಇಲ್ಲ. ಅವರ ಪಾಲಿಗೆ ಇರುವುದು ಕಾನೂನು ಸೇವಾ ಪ್ರಾಧಿಕಾರದ ಬಾಗಿಲೊಂದೇ.

ಸಾಕ್ಷಿ ಹೇಳಿದ ಮೇಲೆ ಊರಿಗೆ ಹೋಗಬೇಕಲ್ಲ

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಮಂದಿ ಸತ್ತದ್ದು ನಿಜ, ಸುಟ್ಟವರು ಮಾತ್ರ ಕಾನೂನಿನ ಕಣ್ಣಿಗೆ ಯಾರೂ ಇಲ್ಲ. ಸಾಕ್ಷಿಗಳನ್ನು ಬೈಯುವುದು ಸುಲಭ. ಅದೇ ಊರಿನಲ್ಲಿ, ಅದೇ ಹೊಲದ ಕೂಲಿಗೆ, ಅದೇ ದಾರಿಯಲ್ಲಿ ನಡೆಯಬೇಕಾದವರು ಕೋರ್ಟಿನಲ್ಲಿ ಕೈ ಎತ್ತಿ ತೋರಿಸಬೇಕೆಂದರೆ ಅವರ ಬೆನ್ನಿಗೆ ಯಾರಾದರೂ ಇರಬೇಕಲ್ಲ.

ಆ ಕೊರತೆಯನ್ನು ತುಂಬಲು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 15ಎ ಎಂಬ ಕಲಮು ಸೇರಿತು, 2016ರ ಜನವರಿ 26ರಿಂದ ಜಾರಿಯಲ್ಲಿದೆ. ನನ್ನ ಮಟ್ಟಿಗೆ, ನೊಂದವರ ಹಕ್ಕಿನ ವಿಷಯದಲ್ಲಿ ನಮ್ಮ ದೇಶದ ಅತ್ಯುತ್ತಮ ಕಲಮು ಇದು. ಕೋರ್ಟಿನಲ್ಲಿ ಏನೇ ನಡೆದರೂ, ಜಾಮೀನು ಅರ್ಜಿ ಬಂದರೂ, ನೊಂದವರಿಗೆ ಮೊದಲೇ ತಿಳಿಸಬೇಕು, ಅವರ ಮಾತು ಕೇಳಬೇಕು. ಓಡಾಟದ ಖರ್ಚು ಕೊಡಬೇಕು, ಬೇಕಾದರೆ ಬೇರೆ ಕಡೆ ನೆಲೆ ಒದಗಿಸಬೇಕು. ಪರಿಹಾರವೂ ಹಂತ ಹಂತವಾಗಿ ನಿಗದಿಯಾಗಿದೆ: ಕೊಲೆಯಾದರೆ 8.25 ಲಕ್ಷ ರೂಪಾಯಿ, ಅರ್ಧ ಮರಣೋತ್ತರ ಪರೀಕ್ಷೆ ಆದ ಕೂಡಲೇ, ಉಳಿದರ್ಧ ದೋಷಾರೋಪ ಪಟ್ಟಿ ಸಲ್ಲಿಕೆಯಾದಾಗ. ಜೊತೆಗೆ ಅವಲಂಬಿತರಿಗೆ ತಿಂಗಳಿಗೆ 5,000 ರೂಪಾಯಿ ಮೂಲ ಪಿಂಚಣಿ, ಮೇಲೆ ತುಟ್ಟಿಭತ್ಯೆ. ಇಷ್ಟು ಸ್ಪಷ್ಟವಾದ ವೇಳಾಪಟ್ಟಿ ಬೇರೆ ಯಾವ ಅಪರಾಧದ ಸಂತ್ರಸ್ತರಿಗೂ ಇಲ್ಲ. ಯಾಕಿರಬಾರದು?

2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಗಂಗಾವತಿ ತಾಲ್ಲೂಕಿನ ಮರಕುಂಬಿ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್ 24ರಂದು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ದೇಶವೇ ಇತ್ತ ತಿರುಗಿ ನೋಡಿತು. ಸ್ವಲ್ಪ ದಿನಕ್ಕೆ ಅವರಲ್ಲಿ ಹೆಚ್ಚಿನವರಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. ಮೇಲ್ಮನವಿಯಲ್ಲಿ ಏನೇ ಆಗಲಿ, ಹತ್ತು ವರ್ಷ ಸಾಕ್ಷಿಗಳು ನಿಂತರೆ ಏನಾಗಬಹುದು ಎನ್ನುವುದನ್ನು ಮರಕುಂಬಿ ತೋರಿಸಿತು, ನಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ಕಂಬಾಲಪಲ್ಲಿ.

ಉಳಿದ ಕೇಸುಗಳಿಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಿದೆ. ಬೆದರಿಕೆ ಇದ್ದರೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಟ್ಟು ಪೊಲೀಸ್ ರಕ್ಷಣೆ, ತಾತ್ಕಾಲಿಕ ನೆಲೆ, ತೀರಾ ಗಂಭೀರವಾದರೆ ಗುರುತಿನ ಬದಲಾವಣೆಯನ್ನೂ ಕೇಳಬಹುದು. ಹೊಸ ಸಂಹಿತೆ ಪ್ರತಿ ರಾಜ್ಯವೂ ತನ್ನದೇ ಯೋಜನೆ ಮಾಡಬೇಕೆಂದು ಹೇಳಿದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು, ಟಿ.ವಿ.ಯವರಿಗಷ್ಟೇ ಅಲ್ಲ, ಊರಿನ ವಾಟ್ಸ್ಆ್ಯಪ್ ಗುಂಪಿಗೂ ಇದು ಅನ್ವಯಿಸುತ್ತದೆ.

ಕೋರ್ಟಿನೊಳಗೆ ನೊಂದವರ ವಕೀಲರು ಎಷ್ಟು ದೂರ ಹೋಗಬಹುದು? ಬಹಳ ದೂರವಿಲ್ಲ. ಸರ್ಕಾರಿ ಅಭಿಯೋಜಕರಿಗೆ ನೆರವಾಗಬಹುದು, ಪ್ರಶ್ನೆ ಸೂಚಿಸಬಹುದು, ಲಿಖಿತ ವಾದ ಕೊಡಬಹುದು. ತಾವೇ ಎದ್ದು ಸಾಕ್ಷಿಯನ್ನು ಪ್ರಶ್ನಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ. 2022ರಲ್ಲಿ ಲಖಿಂಪುರ ಖೇರಿಯ ರೈತರ ಪ್ರಕರಣದಲ್ಲಿ, ಜಾಮೀನೂ ಸೇರಿ ತನಿಖೆಯ ಹಂತದಿಂದ ಮೇಲ್ಮನವಿಯವರೆಗೆ ನೊಂದವರಿಗೆ ಮಾತು ಕೇಳಿಸುವ ಹಕ್ಕಿದೆ ಎಂದು ಹೇಳಿ ಆರೋಪಿಯ ಜಾಮೀನನ್ನೇ ರದ್ದು ಮಾಡಿತು. ಎರಡನ್ನೂ ಕೂಡಿ ಓದಿದರೆ, ಮಾತು ಕೇಳಲೇಬೇಕು, ಮೊಕದ್ದಮೆ ನಡೆಸುವುದು ಮಾತ್ರ ಸರ್ಕಾರವೇ. ನನಗೆ ಇದು ಸರಿ ಎನಿಸುತ್ತದೆ; ಇಲ್ಲವಾದರೆ ದುಡ್ಡಿದ್ದ ಫಿರ್ಯಾದಿಯ ಕೇಸು ಒಂದು ಥರ, ಇಲ್ಲದವನದ್ದು ಇನ್ನೊಂದು ಥರ ಆಗಿಬಿಡುತ್ತದೆ.

ಇನ್ನು ಸ್ವತ್ತು, ಹಣದ ಮಾತು. ಕಳವಾದ ಒಡವೆ, ಬೈಕು ಸಿಕ್ಕಿದೆ ಎಂದು ಪೊಲೀಸರು ಹೇಳಿ ವರ್ಷವಾದರೂ ಕೈಗೆ ಬರದಿದ್ದರೆ, ವಿಚಾರಣೆ ಮುಗಿಯುವ ತನಕ ಕಾಯಬೇಡಿ. ಫೋಟೊ ತೆಗೆದು, ಮಹಜರು ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಮುದ್ದೆಮಾಲನ್ನು ಮಾಲೀಕರಿಗೆ ಬೇಗ ಬಿಟ್ಟುಕೊಡಿ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಾಕು. ಆನ್‌ಲೈನ್ ವಂಚನೆಯಾದರೆ ಮೊದಲು 1930ಕ್ಕೆ ಕರೆ, ಆಮೇಲೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ 'ಸೆನ್' ಠಾಣೆ. ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಹಿಡಿಯುವುದೇ ಮುಖ್ಯ, ತಡೆಹಿಡಿದದ್ದನ್ನು ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಮತ್ತೆ ಕೋರ್ಟಿಗೇ ಅರ್ಜಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ 2022ರ ಏಪ್ರಿಲ್‌ನಿಂದ ಇದೆ. ಇದರ ಅರ್ಜಿ ಕಂದಾಯ ಇಲಾಖೆಯ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಮಟ್ಟದ ಅಧಿಕಾರಿಗೆ. ಹೆದ್ದಾರಿ ಬದಿಯ ಊರುಗಳಲ್ಲೂ ಇದನ್ನು ಬಲ್ಲವರು ವಿರಳ.

ಪ್ರತಿ ಠಾಣೆಯ ಗೋಡೆಯ ಮೇಲೆ ಬಂಧಿತರ ಹಕ್ಕುಗಳ ಫಲಕವಿದೆ. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಬಂದ ಫಲಕ ಅದು, ಇರಬೇಕಾದದ್ದೇ. ಅದರ ಪಕ್ಕದಲ್ಲಿ ನೊಂದವರ ಹಕ್ಕುಗಳ ಇನ್ನೊಂದು ಫಲಕ ಹಾಕಲು ರಾಜ್ಯ ಸರ್ಕಾರಕ್ಕೆ ಹೊಸ ಕಾನೂನು ಬೇಡ, ಹೆಚ್ಚು ಹಣವೂ ಬೇಡ, ಗೃಹ ಇಲಾಖೆಯ ಒಂದು ಸುತ್ತೋಲೆ ಸಾಕು. ಎಫ್‌ಐಆರ್ ಪ್ರತಿಯ ಹಿಂಬದಿಯಲ್ಲೇ ಪರಿಹಾರದ ಅರ್ಜಿ ನಮೂನೆ ಮುದ್ರಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಅಲ್ಲಿಯವರೆಗೆ ಓದುಗರೇ ಒಬ್ಬರಿಗೊಬ್ಬರು ಹೇಳಬೇಕು. ಪೊಲೀಸ್ ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ಉಚಿತ ವಕೀಲರು ಮತ್ತು ಪರಿಹಾರದ ಅರ್ಜಿಗೆ 15100, ಇಲ್ಲವೇ ನಿಮ್ಮ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಅಲ್ಲಿ ಆದಾಯ ಪ್ರಮಾಣಪತ್ರ ತೋರಿಸಬೇಕಾಗಿಲ್ಲ.